ಪ್ರಶ್ನೆ ಒಂದೇ, ಕೇಳುವ ಕಟ್ಟೆ ಹಲವು

ಎಲ್ಲಿ ಕೇಳಿದರೇನು, ಉತ್ತರ ಸಿಕ್ಕರಾಯಿತು ಎಂದು ನಂಬಿದವರೇ ಹೆಚ್ಚು. ವಾಟ್ಸ್‌ಆ್ಯಪ್, ಫೇಸ್‌ಬುಕ್, ಕೋರಾ, ಸ್ಟ್ಯಾಕ್ ಓವರ್‌ಫ್ಲೋ ಇವುಗಳಿಗೆ ಹೆಸರಷ್ಟೇ ಬೇರೆ, ಒಳಗೆಲ್ಲ ಒಂದೇ ಎಂಬ ಭಾವನೆ. ಆದರೆ ಯಾರು ಉತ್ತರಿಸುತ್ತಾರೆ, ತಪ್ಪಿದರೆ ಯಾರು ತಿದ್ದುತ್ತಾರೆ, ಕೊಟ್ಟ ಉತ್ತರ ಮುಂದೆ ಏನಾಗುತ್ತದೆ ಎಂಬ ಮೂರರಲ್ಲೂ ಇವು ಒಂದಕ್ಕೊಂದು ದೂರ. ಅದು ತಿಳಿಯದೆ ರೈತರು ಕೇಳಿದರೆ ನಷ್ಟ ತೋಟದ್ದು.

ಸದಸ್ಯರು ಹೆಚ್ಚಿದ್ದಷ್ಟೂ ಉತ್ತರ ಗಟ್ಟಿ ಎನ್ನುವುದನ್ನೇ ಮೊದಲು ನೋಡೋಣ. ಹೊಳಲ್ಕೆರೆಯ ಬೆಳೆಗಾರರೊಬ್ಬರು ರಾಜ್ಯಮಟ್ಟದ ದೊಡ್ಡ ಫೇಸ್‌ಬುಕ್ ಗುಂಪೊಂದರಲ್ಲಿ ‘ಇವತ್ತು ಅಡಿಕೆ ರೇಟ್ ಎಷ್ಟು?’ ಎಂದು ಕೇಳಿದರು ಎನ್ನಿ. ಪುತ್ತೂರಿನ ಕಡೆಯವರು ಹೇಳುವುದು ಹಣ್ಣಡಿಕೆ ಒಣಗಿಸಿ ಸುಲಿದ ಚಾಲಿಯ ದರ. ಕೇಳಿದವರಿಗೆ ಹತ್ತಿರದ ಭೀಮಸಮುದ್ರದ ಮಾರುಕಟ್ಟೆಯಲ್ಲಿ ವಹಿವಾಟು ನಡೆಯುವುದು ಹಸಿಕಾಯಿ ಸುಲಿದು ಬೇಯಿಸಿದ ಕೆಂಪಡಿಕೆಗೆ. ಅಲ್ಲಿಯ ಲೆಕ್ಕ ರಾಶಿ, ಅಪಿ, ಬೆಟ್ಟೆ, ಕೆಂಪುಗೋಟು. ಯಾರೂ ಸುಳ್ಳು ಹೇಳಿಲ್ಲ, ಆದರೂ ಕೇಳಿದವರಿಗೆ ಪ್ರಯೋಜನವಿಲ್ಲ. ರೋಗದ ಮಾತು ಬಂದರಂತೂ ಅಂತರ ಇನ್ನೂ ಹೆಚ್ಚು. ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುವ ಕರಾವಳಿಯಲ್ಲಿ ಕೊಳೆರೋಗಕ್ಕೆ ಶೇ 1ರ ಬೋರ್ಡೊ ದ್ರಾವಣ ಹೊಡೆಯದೆ ಮಳೆಗಾಲ ದಾಟುವುದು ಕಷ್ಟ. ಬೋರ್‌ವೆಲ್ ನಂಬಿದ ಬಯಲುಸೀಮೆಯ ತೋಟದ ಚಿಂತೆಯೇ ಬೇರೆ. ನಮ್ಮ ತಾಲ್ಲೂಕಿನವರೇ ಇರುವ ಐವತ್ತು ಜನರ ಗುಂಪು ಇಂಥ ಕಡೆ ಐವತ್ತು ಸಾವಿರ ಜನರ ಗುಂಪಿಗಿಂತ ಮೇಲು.

ಹಾಗೆಂದು ಸಣ್ಣ ಗುಂಪೇ ಸದಾ ಸರಿ ಎನ್ನಲಾಗದು. ಹಿರಿಯೂರು, ಹೊಸದುರ್ಗದ ದಾಳಿಂಬೆ ಗುಂಪುಗಳಲ್ಲಿ ಮಳೆ ಹಿಡಿದ ಕೂಡಲೇ ಬರುವ ಪ್ರಶ್ನೆ ಒಂದೇ: ಕಾಯಿಯ ಫೋಟೋ, ಕೆಳಗೆ ‘ಇದು ಬ್ಲೈಟಾ? ಏನು ಹೊಡೀಬೇಕು?’ ಬ್ಲೈಟ್ ಎಂದರೆ ದುಂಡಾಣು ಅಂಗಮಾರಿ. ಅದರ ಚುಕ್ಕೆ ಮೊದಲು ಎಣ್ಣೆ ತಾಗಿದ ಹಾಗೆ ಕಾಣುತ್ತದೆ, ಆಮೇಲೆ ಕಪ್ಪಾಗಿ ಸಿಪ್ಪೆ ಸೀಳುತ್ತದೆ. ಮಹಾರಾಷ್ಟ್ರದ ರೈತರು ಇದನ್ನು ತೇಲ್ಯಾ ಎನ್ನುವುದು ಆ ಎಣ್ಣೆಯ ಗುರುತಿನಿಂದಲೇ. ವಾಟ್ಸ್‌ಆ್ಯಪ್ ಫೋಟೋವನ್ನು ಕುಗ್ಗಿಸಿ ಕಳಿಸಿದಾಗ ಮೊದಲು ಮಾಯವಾಗುವುದು ಆ ಎಣ್ಣೆಯಂಚು. ಉಳಿದ ಕಪ್ಪು ಚುಕ್ಕೆ ಶಿಲೀಂಧ್ರದ್ದೂ ಆಗಿರಬಹುದು. ಐದು ನಿಮಿಷದಲ್ಲಿ ಹತ್ತು ಉತ್ತರ ಬರುತ್ತವೆ. ಅವುಗಳಲ್ಲಿ ಔಷಧಿ ಮಾರುವವರದೂ ಇರುತ್ತದೆ, ಅವರು ಮಾರುವವರು ಎಂದು ಗುಂಪಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಮರುದಿನ ಸಂಜೆಗೆ ಆ ಮಾತೆಲ್ಲ ಶುಭಾಶಯಗಳ ಕೆಳಗೆ ಹೂತುಹೋಗಿ, ವಾರದ ಮೇಲೆ ಇನ್ನೊಬ್ಬರು ಅದೇ ಪ್ರಶ್ನೆ ಕೇಳುತ್ತಾರೆ. ವಾಟ್ಸ್‌ಆ್ಯಪ್ ವೇಗಕ್ಕೆ ಒಳ್ಳೆಯದು, ನೆನಪಿಟ್ಟುಕೊಳ್ಳಲು ಕಟ್ಟಿದ್ದಲ್ಲ.

ನೆನಪಿಗೆಂದೇ ಕಟ್ಟಿದ್ದು 2008ರಲ್ಲಿ ಶುರುವಾದ ಸ್ಟ್ಯಾಕ್ ಓವರ್‌ಫ್ಲೋ. ಪ್ರೋಗ್ರಾಮಿಂಗ್ ಕಲಿಯುವ ಹುಡುಗ ಹುಡುಗಿಯರು ಅಲ್ಲಿ ಮೊದಲ ಪ್ರಶ್ನೆ ಹಾಕಿ, ಅದು ‘ಈಗಾಗಲೇ ಕೇಳಲಾಗಿದೆ’ ಎಂದು ಮುಚ್ಚಿಹೋದಾಗ ಅವಮಾನವೆಂದೇ ತಿಳಿಯುತ್ತಾರೆ. ಮುಚ್ಚುವುದರ ಉದ್ದೇಶ ಒಂದೇ ಪ್ರಶ್ನೆಯ ಉತ್ತರಗಳನ್ನೆಲ್ಲ ಒಂದೆಡೆ ಸೇರಿಸುವುದು. ಬೇರೆಯವರು ಬಂದು ನಿಮ್ಮ ಬರಹ ತಿದ್ದುವುದೂ ಅಲ್ಲಿ ಸಹಜ. ಅಲ್ಲಿನ ಹಸಿರು ಟಿಕ್ ಕುರಿತೂ ಗೊಂದಲವಿದೆ: ಅದು ತಜ್ಞರ ಮುದ್ರೆ ಎಂದು ಬಹಳ ಜನ ನಂಬಿದ್ದಾರೆ. ಟಿಕ್ ಹಾಕುವುದು ಪ್ರಶ್ನೆ ಕೇಳಿದವರೇ. ಅವರ ಕೆಲಸ ನಡೆಯಿತು ಎಂಬಷ್ಟೇ ಅದರ ಅರ್ಥ. ಎಐ ಬರೆದ ಉತ್ತರಗಳನ್ನು ಆ ತಾಣ 2022ರ ಡಿಸೆಂಬರ್‌ನಲ್ಲೇ ನಿಷೇಧಿಸಿತು. ಓದಲು ನಯವಾಗಿದ್ದು ಒಳಗೆ ತಪ್ಪಿರುವ ಉತ್ತರಗಳು ರಾಶಿ ಬಿದ್ದದ್ದು ಕಾರಣ.

ಕೋರಾದ ರೀತಿ ಇನ್ನೊಂದು. ಅಲ್ಲಿ ಪ್ರಶ್ನೆ ಒಂದಾದರೂ ಒಬ್ಬೊಬ್ಬರ ಉತ್ತರ ಅವರವರ ಬರಹ. ಕಥೆಯಂತೆ ಬರೆದದ್ದಕ್ಕೆ ಮೆಚ್ಚುಗೆ ಬೇಗ ಸಿಗುತ್ತದೆ. ಅನುಭವ ಕೇಳಲು ಒಳ್ಳೆಯ ಜಾಗ, ಔಷಧದ ಪ್ರಮಾಣ ಕೇಳಲು ಅಲ್ಲ. ಕನ್ನಡ ವಿಕಿಪೀಡಿಯದಲ್ಲಿ ಅರಳಿಕಟ್ಟೆ ಎಂಬ ಪುಟವಿದೆ. ಹೆಸರು ನೋಡಿ ಎಲ್ಲ ಹರಟೆಗೂ ತೆರೆದ ಜಾಗ ಎಂದುಕೊಳ್ಳಬಾರದು, ಅಲ್ಲಿ ಚರ್ಚೆಯಾಗುವುದು ವಿಕಿಪೀಡಿಯದ ಕೆಲಸ ಮಾತ್ರ.

ಹೆಚ್ಚು ಲೈಕು ಪಡೆದು ಮೇಲೆ ನಿಂತ ಉತ್ತರ ಸದಾ ಸರಿ ಎಂಬ ನಂಬಿಕೆಗೆ ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ ಅಣೆಕಟ್ಟೆಯೇ ಉತ್ತರ. ‘ವಾಣಿವಿಲಾಸ ಸಾಗರ ಕೊನೆಯದಾಗಿ ಕೋಡಿ ಬಿದ್ದದ್ದು ಯಾವಾಗ?’ ಎಂದರೆ 2022ರ ಆಗಸ್ಟ್‌ವರೆಗೂ ಸರಿಯುತ್ತರ 1933. 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಹರಿಯಿತು, 2025ರ ಜನವರಿಯಲ್ಲಿ ಮತ್ತೆ. ಹಳೆಯ ಉತ್ತರಕ್ಕೆ ಬಿದ್ದ ಲೈಕು ಮಾತ್ರ ಕರಗುವುದಿಲ್ಲ. ಕೋಡಿಯ ವರ್ಷ ತಪ್ಪಿದರೆ ಹೋಗಲಿ, ಔಷಧಿಯಲ್ಲಿ ಹಾಗಲ್ಲ. ದಾಳಿಂಬೆಗೆ ಸ್ಟ್ರೆಪ್ಟೊಮೈಸಿನ್ ಹೊಡೆಯಿರಿ ಎಂಬ ಸಲಹೆ ಹಳೆಯ ಉತ್ತರಗಳಲ್ಲಿ ಧಾರಾಳವಾಗಿದೆ. ಕೃಷಿಯಲ್ಲಿ ಆ ಆ್ಯಂಟಿಬಯೋಟಿಕ್ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಹೊರಡಿಸಿತ್ತು. ಇನ್ನು ಅಂತರ್ಜಾಲಕ್ಕೆ ಬಿದ್ದದ್ದು ಅಳಿಯುವುದಿಲ್ಲ ಎನ್ನುವವರು 2005ರಲ್ಲಿ ಹುಟ್ಟಿದ ಯಾಹೂ ಆನ್ಸರ್ಸ್ 2021ರ ಮೇ ತಿಂಗಳಲ್ಲಿ ಬಾಗಿಲು ಹಾಕಿದ್ದನ್ನು ಮರೆಯಬಾರದು.

ಹಾಗಾದರೆ ಔಷಧಿಯ ಪ್ರಶ್ನೆ ಎಲ್ಲಿ ಕೇಳುವುದು? ಕೇಂದ್ರ ಸರ್ಕಾರದ ಕಿಸಾನ್ ಕಾಲ್ ಸೆಂಟರ್ (1800-180-1551) 2004ರಿಂದ ಕನ್ನಡದಲ್ಲೂ ಉತ್ತರಿಸುತ್ತಿದೆ. ಅಲ್ಲಿ ಮಾತನಾಡುವುದು ಕೃಷಿ ಓದಿದವರು, ಆದರೆ ಅವರಿಗೆ ನಿಮ್ಮ ಗಿಡ ಕಾಣುವುದಿಲ್ಲ. ತಳಿ, ಗಿಡದ ವಯಸ್ಸು, ಚಾಟನಿ ಮಾಡಿದ ದಿನ, ಕೊನೆಯ ಸಿಂಪರಣೆ, ಮಳೆ ಬಿದ್ದದ್ದು ಯಾವಾಗ, ಇಷ್ಟನ್ನು ಬರೆದಿಟ್ಟುಕೊಂಡು ಕೇಳಿ. ಗುಂಪಿನಲ್ಲಿ ಕೇಳುವಾಗಲೂ ಇಷ್ಟೇ ಬರೆಯಿರಿ. ಆಗಲೂ ಅನುಮಾನ ಉಳಿದರೆ ರೋಗ ತಗುಲಿದ ರೆಂಬೆ, ಕಾಯಿಯನ್ನು ಕವರಿಗೆ ಹಾಕಿ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ.