ನೀರೂ ಪ್ರಸಾದವೇ: ಮನೆಯಲ್ಲಿ ಜಲ ಮತ್ತು ವಿದ್ಯುತ್ತಿನ ಮಿತಬಳಕೆ

ಪಾದೋದಕ, ಪ್ರಸಾದಗಳನ್ನು ಅಷ್ಟಾವರಣಗಳಲ್ಲಿ ಸೇರಿಸಿದ ಧರ್ಮ ನಮ್ಮದು. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮ ಶಿವಯೋಗಿಗಳು ಜಲಸೇವೆಯನ್ನು ಕಾಯಕವಾಗಿಸಿಕೊಂಡವರು. ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡಬಾರದೆಂದು ಮಕ್ಕಳಿಗೆ ಕಲಿಸುವ ನಾವು, ನಲ್ಲಿಯಿಂದ ಸೋರುವ ನೀರನ್ನು ಅಷ್ಟೇ ಎಚ್ಚರದಿಂದ ಕಾಣುತ್ತಿದ್ದೇವೆಯೇ?

ನೀರು ಪೋಲಾದಲ್ಲಿ ವಿದ್ಯುತ್ತೂ ಪೋಲಾಗುತ್ತದೆ. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬರುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೇರಿಸಲು, ಪಂಪಿನ ನಷ್ಟವನ್ನು ಬಿಟ್ಟರೂ, ಸುಮಾರು 1.4 ಯೂನಿಟ್ ವಿದ್ಯುತ್ ಬೇಕು. ಹಳ್ಳಿಗಳಲ್ಲಿಯೂ ಕೊಳವೆಬಾವಿ ಆಳವಾದಷ್ಟೂ ವಿದ್ಯುತ್ತಿನ ಖರ್ಚು ಹೆಚ್ಚುತ್ತದೆ.

ಮೊದಲು ಸೋರಿಕೆಯನ್ನು ತಡೆಯೋಣ. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೂ ದಿನಕ್ಕೆ ಸುಮಾರು 4 ಲೀಟರ್, ವರ್ಷಕ್ಕೆ ಸುಮಾರು 1,500 ಲೀಟರ್ ನೀರು ವ್ಯರ್ಥವಾಗುತ್ತದೆ. ಬಹುಪಾಲು ಇದಕ್ಕೆ ಸವೆದ ವಾಷರ್ ಕಾರಣ. ಅದನ್ನು ಬದಲಿಸಲು ಹೆಚ್ಚಿನ ಹಣ ಬೇಕಿಲ್ಲ. ಶೌಚಾಲಯದ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ. ಫ್ಲಶ್ ತೊಟ್ಟಿಗೆ ಸ್ವಲ್ಪ ಅಡುಗೆಬಣ್ಣ ಬೆರೆಸಿ ಅರ್ಧ ಗಂಟೆ ಬಳಸದೆ ಬಿಡಿ. ಕಮೋಡಿನಲ್ಲಿ ಬಣ್ಣ ಕಂಡುಬಂದರೆ ತೊಟ್ಟಿಯೊಳಗಿನ ರಬ್ಬರ್ ಮುಚ್ಚಳ ಸಡಿಲವಾಗಿದೆಯೆಂದು ತಿಳಿಯಬೇಕು.

ನಲ್ಲಿಯ ಬಾಯಿಗೆ ಕೂರಿಸುವ ಏರೇಟರ್ ನೀರಿನ ಹರಿವನ್ನು ತಗ್ಗಿಸಿ ಗಾಳಿಯನ್ನು ಬೆರೆಸುತ್ತದೆ. ಬೆಂಗಳೂರು ಜಲಮಂಡಳಿಯು 2024ರ ಬರದ ದಿನಗಳಲ್ಲಿ ವಸತಿ ಸಮುಚ್ಚಯಗಳು ಮತ್ತು ವಾಣಿಜ್ಯ ಕಟ್ಟಡಗಳಿಗೆ ಇದನ್ನು ಕಡ್ಡಾಯಗೊಳಿಸಿತು. ಕೈ ತೊಳೆಯುವ, ಪಾತ್ರೆ ಬೆಳಗುವ ನಲ್ಲಿಗಳಿಗೆ ಇದು ಉಪಯುಕ್ತ. ಬಕೆಟ್ ತುಂಬಿಸುವ ನಲ್ಲಿಗೆ ಹಾಕಿದರೆ ಕಾಯುವ ಹೊತ್ತು ಹೆಚ್ಚುತ್ತದೆಯೇ ಹೊರತು ನೀರು ಉಳಿಯುವುದಿಲ್ಲ.

15 ಲೀಟರ್ ನೀರಿನ ಶಾಖವನ್ನು 30 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಅರ್ಧ ಯೂನಿಟ್ಟಿಗೂ ಮಿಗಿಲಾದ ವಿದ್ಯುತ್ ಬೇಕು. ಸೌರ ಹೀಟರ್ ಈ ಖರ್ಚನ್ನು ಬಹುಮಟ್ಟಿಗೆ ಉಳಿಸುತ್ತದೆ. ಆದರೆ ಬಿಸಿನೀರು ಬರುವ ಮುನ್ನ ಕೊಳವೆಯಲ್ಲಿದ್ದ ತಣ್ಣೀರು ಮೋರಿ ಸೇರದಂತೆ ಬಕೆಟ್ಟಿನಲ್ಲಿ ಹಿಡಿದಿಟ್ಟು ಬಟ್ಟೆ ಒಗೆಯಲು ಬಳಸಬೇಕು. ಅಕ್ಕಿ, ತರಕಾರಿ ತೊಳೆದ ನೀರು ಗಿಡಗಳಿಗೆ ಸಲ್ಲಲಿ.

ಇನ್ನು ಮಳೆಯ ವಿಚಾರ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿ.ಮೀ. ಮಳೆ ಸುರಿದರೆ 1,000 ಲೀಟರ್ ನೀರು ದೊರೆತಂತೆ. ಮೊದಲ ಮಳೆಯ ಕೊಳೆನೀರನ್ನು ಹೊರಬಿಟ್ಟು, ಉಳಿದುದನ್ನು ಸೋಸಿ ತೊಟ್ಟಿಗೋ ಇಂಗುಗುಂಡಿಗೋ ಹರಿಸಬಹುದು.

ಅನ್ನವನ್ನು ಹಂಚಿ ಉಣ್ಣುವುದಷ್ಟೇ ದಾಸೋಹವಲ್ಲ. ಒಂದೇ ಕೆರೆ, ಒಂದೇ ಅಂತರ್ಜಲವನ್ನು ನಂಬಿದ ಊರಿನಲ್ಲಿ ನಾವು ಬಳಸದೆ ಬಿಟ್ಟ ಕೊಡ ನೀರು ನೆರೆಮನೆಯವರಿಗೆ, ದನಕರುಗಳಿಗೆ ಉಳಿಯುತ್ತದೆ. ಸದ್ಭಕ್ತರು ಈ ವಾರವೇ ತಮ್ಮ ಮನೆಯ ನಲ್ಲಿಗಳನ್ನೊಮ್ಮೆ ಪರೀಕ್ಷಿಸಿ ಈ ಕಾಯಕಕ್ಕೆ ತೊಡಗಲಿ.