ಅಜ್ಜಿ ಹೇಳಿದ್ದು ಊರಿಗೂ ಒಂದು ಪ್ರತಿ ಇರಲಿ

ಕೃಷಿ ಕಾಲೇಜಿನ ಕೊನೇ ವರ್ಷದ ಹುಡುಗ ಹುಡುಗಿಯರು ಹಳ್ಳಿಗೆ ಬಂದು ಉಳಿಯುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ‘ಗ್ರಾಮೀಣ ಕೃಷಿ ಕಾರ್ಯಾನುಭವ’ ಅಂತ ಅದರ ಹೆಸರು. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ. ಬೀಜೋಪಚಾರ, ಅಜೋಲ್ಲ, ಎರೆಗೊಬ್ಬರ ತೋರಿಸುತ್ತಾರೆ. ‘ಇವರಿಂದ ನಮಗೇನು ಲಾಭ?’ ಅಂತ ಕೇಳುವವರೂ ಇದ್ದಾರೆ. ನಮ್ಮೂರಿಗೆ ಬಂದ ತಂಡದಲ್ಲಿ ನನಗೆ ಬೆಲೆಯುಳ್ಳದ್ದು ಅನ್ನಿಸಿದ್ದು ಅಜೋಲ್ಲ ಅಲ್ಲ.

ಹಿರಿಯರನ್ನು ಕೂರಿಸಿಕೊಂಡು ಊರಿಗೆ ಯಾವ ಬೆಳೆ ಯಾವಾಗ ಬಂತು, ಯಾವುದು ಹೋಯಿತು ಅಂತ ಬರೆದುಕೊಳ್ಳುವುದೂ ಅವರ ಪಾಠದಲ್ಲಿ ಒಂದು. ಹಾಗೇ ಯಾವ ತಿಂಗಳಲ್ಲಿ ಯಾವ ಕೆಲಸ ಅನ್ನುವ ಪಟ್ಟಿ. ಈ ನೆಪ ಇಲ್ಲದಿದ್ದರೆ ಇಪ್ಪತ್ತರ ಹುಡುಗಿ ಎಂಬತ್ತರ ಅಜ್ಜಿಯ ಮುಂದೆ ಮಧ್ಯಾಹ್ನ ಪೂರ್ತಿ ಕೂರುವುದು ಎಲ್ಲಿದೆ? ನಮ್ಮ ಮನೆ ಮಕ್ಕಳೇ ಕೂರುವುದಿಲ್ಲ.

ನಮ್ಮ ಬೀದಿಯ ಅಜ್ಜಿಯನ್ನು ಒಬ್ಬ ಹುಡುಗಿ ಕೇಳಿದಳು, ‘ಜೂನ್‌ನಲ್ಲಿ ಏನು ಬಿತ್ತುತ್ತಿದ್ದಿರಿ ಅಜ್ಜಿ?’ ‘ಜೂನು ಗೀನು ನಂಗೊತ್ತಿಲ್ಲ ಕಣವ್ವ, ಮಳೆ ಹೆಸರು ಹೇಳು’ ಅಂದಳು ಅಜ್ಜಿ. ತಂಡದ ಇನ್ನೊಬ್ಬ ಹುಡುಗ ಪಂಚಾಂಗ ತರಿಸಿ, ರೋಹಿಣಿ ಅಂದರೆ ಮೇ 25ರ ಸುಮಾರಿನಿಂದ, ಮೃಗಶಿರ ಜೂನ್ 8ರ ಸುಮಾರಿನಿಂದ, ಒಂದೊಂದು ಮಳೆಗೆ 13–14 ದಿನ ಅಂತ ಹೊಂದಿಸಿಕೊಂಡ. ಅಲ್ಲಿಂದ ಮುಂದೆ ಅಜ್ಜಿಯ ಮಾತು ನಿಲ್ಲಲಿಲ್ಲ.

ರಾಗಿಗೆ ಕೂರಿಗೆ ಹೂಡಿದಾಗ ಹಿಂದೆ ಸಡ್ಡೆ ಕಟ್ಟಿಕೊಂಡು ಅವರೆ, ತೊಗರಿ, ಅಲಸಂದೆಯ ಅಕ್ಕಡಿ ಸಾಲು ಬಿಡುತ್ತಿದ್ದದ್ದು ಹೆಂಗಸರು. ದನ ಬಾಯಿ ಹಾಕುವುದಿಲ್ಲ ಅಂತ ಹೊಲದ ಅಂಚಿಗೆ ಹುಚ್ಚೆಳ್ಳು. ತೊಗರಿ ಬೀಜಕ್ಕೆ ಕೆಮ್ಮಣ್ಣು ಕಲಸಿ ಹಚ್ಚಿ ಒಣಗಿಸಿ ಇಟ್ಟರೆ ಹುಳ ಹತ್ತಿರ ಬರುವುದಿಲ್ಲ. ಹುಣಸೆ ಮರದ ನೆರಳಲ್ಲಿ ಬೇರೆ ಯಾವುದೂ ಏಳದಿದ್ದರೂ ಕೊರಲೆ ಬರುತ್ತದೆ. ಇವೆಲ್ಲ ಒಂದೇ ಮಧ್ಯಾಹ್ನ ಬಂದವು.

ಆ ಕೊರಲೆಯ ವಿಷಯಕ್ಕೇ ಬರುತ್ತೇನೆ. ಕೊರಲೆ, ಸಾಮೆ ಯಾಕೆ ಬಿಟ್ಟಿರಿ ಅಂತ ಹುಡುಗರು ಮೊದಲು ಅರಳಿಕಟ್ಟೆಯ ಗಂಡಸರನ್ನು ಕೇಳಿದ್ದರು. ಶೇಂಗಾಕ್ಕೆ ರೊಕ್ಕ ಸಿಗುತ್ತಿತ್ತು, ಅದಕ್ಕೆ ಬಿಟ್ಟೆವು ಅಂದರು. ಸುಳ್ಳಲ್ಲ. ಅಜ್ಜಿ ಬೇರೆಯೇ ಹೇಳಿದಳು: ‘ಕುಟ್ಟೋರು ಯಾರವ್ವ? ಕೋಳಿ ಕೂಗೋಕೆ ಮುಂಚೆ ಎದ್ದು ಒರಳಿಗೆ ಹಾಕಿ ಕುಟ್ಟಿದ್ರೆ ಹೊತ್ತಿನ ಅನ್ನಕ್ಕಾಗೋದು. ರಟ್ಟೆ ಬಿದ್ದೋಗೋವು. ಸೊಸೆ ಬಂದ ಮೇಲೆ ನಾನೇ ಬೇಡ ಅಂದೆ.’ ಸಿರಿಧಾನ್ಯ ಸಿರಿಧಾನ್ಯ ಅಂತ 2023ರಲ್ಲಿ ಜಗತ್ತೇ ವರ್ಷಾಚರಣೆ ಮಾಡಿತು. ಬೀಜದ ಜೊತೆ ಊರಿಗೊಂದು ಸಣ್ಣ ಸಿಪ್ಪೆ ತೆಗೆಯುವ ಯಂತ್ರ ಬರದೆ ಕೊರಲೆ ಹೊಲಕ್ಕೆ ವಾಪಸು ಬರೋದಿಲ್ಲ ಅನ್ನೋದು ಅಜ್ಜಿಯ ಆ ಎರಡು ಮಾತಲ್ಲೇ ಇದೆ. ಕಟ್ಟೆಯಲ್ಲೇ ವಿಚಾರಣೆ ಮುಗಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಅಷ್ಟನ್ನೂ ಬರೆದುಕೊಂಡ ಪುಸ್ತಕ ಅಂಕಕ್ಕೆ ಅಂತ ಕಾಲೇಜಿಗೆ ಹೋಯಿತು. ಮಾರನೇ ವರ್ಷ ಪ್ರತಿ ಕೇಳಿದರೆ, ಅಂಕ ಕೊಟ್ಟ ಮೇಲೆ ವಿದ್ಯಾರ್ಥಿಗಳಿಗೇ ವಾಪಸು ಕೊಟ್ಟಿದ್ದೇವೆ ಅಂದರು. ಹುಡುಗರು ಕೆಲಸಕ್ಕೆ ಅಂತ ಒಬ್ಬೊಬ್ಬರು ಒಂದೊಂದು ಕಡೆ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು.

ಇಂಥದ್ದನ್ನು ಇಡಲು ಊರಲ್ಲೇ ಜಾಗ ಇದೆ ಅಂತ ಎಷ್ಟು ಜನಕ್ಕೆ ಗೊತ್ತು? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ತಳಿ, ಗಿಡಮರ, ಅವುಗಳ ಬಗ್ಗೆ ಜನರಿಗಿರುವ ತಿಳಿವಳಿಕೆ ಎಲ್ಲ ದಾಖಲಾಗಬೇಕು. 2020ರ ಜನವರಿ 31ರೊಳಗೆ ಮುಗಿಸಿ ಅಂತ ಹಸಿರು ನ್ಯಾಯಮಂಡಳಿ ಗಡುವು ಹಾಕಿತ್ತು. ಗಡುವಿನ ಕೆಲಸ ಹೇಗಿರುತ್ತದೆ ನಿಮಗೆ ಗೊತ್ತು. ನಾನು ತೆಗೆಸಿ ನೋಡಿದ ದಾಖಲೆಯಲ್ಲಿ ಬೇವು, ಹೊಂಗೆ, ರಾಗಿ ಅಂತ ಹೆಸರುಗಳಿದ್ದವು. ಯಾವ ಊರಿಗಾದರೂ ಒಪ್ಪುವಂಥ ಪಟ್ಟಿ. ಮಾಧವ ಗಾಡ್ಗೀಳರು 1990ರ ದಶಕದಲ್ಲೇ ಕಾಲೇಜು ಅಧ್ಯಾಪಕರನ್ನೂ ವಿದ್ಯಾರ್ಥಿಗಳನ್ನೂ ಹಳ್ಳಿಗೆ ಕಳಿಸಿ, ಜನರ ಬಾಯಿಂದಲೇ ಕೇಳಿ ಇಂಥ ದಾಖಲೆ ಮಾಡಿಸಿದ್ದರು. ದಾರಿ ಗೊತ್ತಿಲ್ಲ ಅನ್ನುವ ಹಾಗಿಲ್ಲ.

ಮುಂದಿನ ತಂಡ ಬಂದಾಗ ನಾವು ನಾಲ್ಕೈದು ಜನ ಸೇರಿ ಮಾತಾಡಿಕೊಂಡೆವು. ಉಳಿಯಲು ಸಮುದಾಯ ಭವನ ಕೊಡುತ್ತೇವೆ, ಬರೆದದ್ದರ ಜೆರಾಕ್ಸ್ ಪ್ರತಿ ಒಂದು ನಮ್ಮ ಶಾಲೆಗೆ, ಒಂದು ಪಂಚಾಯಿತಿಗೆ ಕೊಟ್ಟು ಹೋಗಬೇಕು ಅಂದೆವು. ಖುಷಿಯಿಂದಲೇ ಒಪ್ಪಿದರು. ಊರಿನ ಪಿಯುಸಿ ಓದುವ ಮೂವರನ್ನು ಜೊತೆಗೆ ಕೂರಿಸಿದೆವು. ಇದು ಬಹಳ ಮುಖ್ಯ. ಸಡ್ಡೆ, ಹಗೇವು ಅನ್ನುವ ಮಾತು ಪಟ್ಟಣದ ಹುಡುಗರಿಗೆ ತಿಳಿಯುವುದಿಲ್ಲ, ಏನೋ ಬರೆದುಬಿಡುತ್ತಾರೆ. ನಮ್ಮ ಹುಡುಗರಿಗೂ ಅರ್ಧ ತಿಳಿಯುವುದಿಲ್ಲ, ಆದರೆ ಮನೆಗೆ ಹೋಗಿ ಕೇಳಿಕೊಂಡು ಬರುತ್ತಾರೆ. ಹೇಳಿದ ಹಿರಿಯರ ಹೆಸರು, ವಯಸ್ಸು, ತಾರೀಕು ಪ್ರತಿ ಪುಟದಲ್ಲೂ ಹಾಕಿಸಿದೆವು. ನಾಟಿ ಔಷಧಿ ಬಲ್ಲವರು ಗುಟ್ಟು ಹೇಳಲು ಇಷ್ಟಪಡದಿದ್ದರೆ ಒತ್ತಾಯ ಮಾಡಬಾರದು ಅಂತಲೂ ಹೇಳಿದ್ದೆವು.

ಒಟ್ಟು 64 ಪುಟ ಆಗಿದೆ. ಕುರಿ ಕಾಯುವ ಅಜ್ಜ ಒಬ್ಬ ಬಾಕಿ. ಅಡವಿಯ ಸೊಪ್ಪು, ಗೆಡ್ಡೆ ಅವನಷ್ಟು ಬಲ್ಲವರು ಈ ಸುತ್ತಿನಲ್ಲಿಲ್ಲ. ಹಗಲು ಊರಲ್ಲಿ ಸಿಗುವ ಆಸಾಮಿ ಅಲ್ಲ, ಹುಡುಗರೇ ರಾತ್ರಿ ಕುರಿ ಹಟ್ಟಿಗೆ ಹೋಗಬೇಕು. ಬೆಳದಿಂಗಳಿಗೆ ಹೋಗುತ್ತೇವೆ ಅಂದಿದ್ದಾರೆ.