ಹಿಮದ ಹೊರೆಗೆ ಚಾವಣಿ ಕುಸಿಯುವುದೇಕೆ?

1978ರ ಜನವರಿ 17ರ ರಾತ್ರಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ನಗರದ ಸಿವಿಕ್ ಸೆಂಟರ್ ಕ್ರೀಡಾಂಗಣದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆಯಿತು. ಸುಮಾರು 5,000 ಪ್ರೇಕ್ಷಕರು ಪಂದ್ಯ ನೋಡಿ ಮನೆಗೆ ಮರಳಿದರು. ಕೆಲವೇ ಗಂಟೆಗಳ ಬಳಿಕ, ನಸುಕಿನ ನಾಲ್ಕೂಕಾಲರ ಸುಮಾರಿಗೆ, ಅದೇ ಕ್ರೀಡಾಂಗಣದ ಸುಮಾರು 1,400 ಟನ್ ತೂಕದ ಉಕ್ಕಿನ ಚಾವಣಿ ಖಾಲಿ ಆಸನಗಳ ಮೇಲೆ ಕುಸಿದು ಬಿತ್ತು. ಚಾವಣಿಯ ಮೇಲೆ ಹಿಮ ಶೇಖರವಾಗಿತ್ತು. ಯಾರಿಗೂ ಗಾಯವಾಗಲಿಲ್ಲ. ಕಟ್ಟಡ ಬಳಕೆಗೆ ಬಂದು ಆಗ ಮೂರೇ ವರ್ಷವಾಗಿತ್ತು.

ಎಲ್ಲ ಕಡೆಯೂ ಅದೃಷ್ಟ ಹೀಗೆ ಕಾಯುವುದಿಲ್ಲ. 2006ರ ಜನವರಿ 2ರಂದು ಜರ್ಮನಿಯ ಬಾಡ್ ರೈಖನ್‌ಹಾಲ್‌ನಲ್ಲಿ ಸ್ಕೇಟಿಂಗ್ ಅಂಗಣದ ಚಾವಣಿ ಕುಸಿದು 15 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅದೇ ತಿಂಗಳ 28ರಂದು ಪೋಲೆಂಡಿನ ಕಾಟೊವಿತ್ಸೆಯಲ್ಲಿ ಪಾರಿವಾಳಗಳ ಪ್ರದರ್ಶನ ನಡೆಯುತ್ತಿದ್ದ ಸಭಾಂಗಣದ ಚಾವಣಿ ಕುಸಿದು 65 ಮಂದಿ ಪ್ರಾಣ ಕಳೆದುಕೊಂಡರು.

ಹತ್ತಿಯ ಎಳೆಯಂತೆ ತೇಲಿ ಬರುವ ಹಿಮಕ್ಕೆ ಉಕ್ಕನ್ನು ಕೆಡಹುವ ಶಕ್ತಿ ಎಲ್ಲಿಂದ ಬಂತು? ಪ್ರೌಢಶಾಲೆಯ ಭೌತವಿಜ್ಞಾನವೇ ಇದಕ್ಕೆ ಬಹುಪಾಲು ಉತ್ತರ ಕೊಡುತ್ತದೆ.

ಹಿಮದ ತೂಕವೆಷ್ಟು?

ಹಿಮವೆಂದರೆ ಮಂಜಿನ ಹರಳುಗಳು ಮತ್ತು ಅವುಗಳ ನಡುವೆ ಸಿಕ್ಕಿಕೊಂಡ ಗಾಳಿ. ಆದ್ದರಿಂದ ಅದಕ್ಕೆ ಒಂದೇ ನಿಶ್ಚಿತ ಸಾಂದ್ರತೆ ಇಲ್ಲ. ಆಗ ತಾನೇ ಬಿದ್ದ ಒಣ ಹಿಮದ ಸಾಂದ್ರತೆ ಘನ ಮೀಟರಿಗೆ 50ರಿಂದ 100 ಕಿಲೋಗ್ರಾಂ. ದಿನಗಳುರುಳಿದಂತೆ ಅದು ತನ್ನ ತೂಕಕ್ಕೆ ತಾನೇ ಅದುಮಿಕೊಂಡು 200ರಿಂದ 300ಕ್ಕೆ ಏರುತ್ತದೆ. ಒದ್ದೆ ಹಿಮದಲ್ಲಿ ಇದು 400ನ್ನೂ ಮೀರಬಹುದು. ಗಟ್ಟಿ ಮಂಜುಗಡ್ಡೆಯ ಸಾಂದ್ರತೆ 917.

ಈಗ ಒಂದು ಲೆಕ್ಕ ಮಾಡಿ. (ಹೊರೆಯನ್ನು ನ್ಯೂಟನ್‌ಗಳಲ್ಲಿ ಹೇಳುವುದು ಸರಿಯಾದ ಕ್ರಮ, ಸುಲಭವಾಗಲೆಂದು ಇಲ್ಲಿ ಕಿಲೋಗ್ರಾಂ ಬಳಸಿದೆ.) 30 ಸೆಂಟಿಮೀಟರ್ ದಪ್ಪದ ಹೊಸ ಹಿಮ ಚದರ ಮೀಟರಿಗೆ ಹೆಚ್ಚೆಂದರೆ 30 ಕಿಲೋಗ್ರಾಂ ತೂಗುತ್ತದೆ. 50 ಸೆಂಟಿಮೀಟರ್ ದಪ್ಪದ ಹಳೆಯ ಹಿಮವಾದರೋ 150 ಕಿಲೋಗ್ರಾಂ. ಚಾವಣಿಯ ವಿಸ್ತಾರ 10,000 ಚದರ ಮೀಟರ್ ಇದ್ದರೆ ಒಟ್ಟು ಹೊರೆ 1,500 ಟನ್. ತುಂಬಿದ ಬಸ್ಸೊಂದು 15 ಟನ್ ಎಂದಿಟ್ಟುಕೊಳ್ಳಿ. ಚಾವಣಿಯ ಮೇಲೆ ನೂರು ಬಸ್ಸುಗಳನ್ನು ನಿಲ್ಲಿಸಿದಂತಾಯಿತು! ಹಿಮದ ಮೇಲೆ ಮಳೆ ಸುರಿದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ಹಿಮ ಸ್ಪಂಜಿನಂತೆ ನೀರನ್ನು ಹೀರಿಕೊಳ್ಳುತ್ತದೆ. ದಪ್ಪ ಹೆಚ್ಚದಿದ್ದರೂ ತೂಕ ಹೆಚ್ಚುತ್ತದೆ. ಹಿಮದ ದಪ್ಪವನ್ನಷ್ಟೇ ನೋಡಿ ಅಪಾಯವನ್ನು ಅಳೆಯಲಾಗದು ಎಂಬುದಕ್ಕೆ ಇದೇ ಕಾರಣ.

ಸರಾಸರಿ ಮಾಡುವ ಮೋಸ

ಹಿಮ ಎಲ್ಲೆಡೆ ಸಮನಾಗಿ ಕೂರುವುದಿಲ್ಲ. ಗಾಳಿ ಅದನ್ನು ಒಂದು ಬದಿಯಿಂದ ಎತ್ತಿ ಇನ್ನೊಂದು ಬದಿಯಲ್ಲಿ ರಾಶಿ ಹಾಕುತ್ತದೆ. ಎತ್ತರದ ಗೋಡೆಗೆ ತಾಗಿದ ತಗ್ಗಿನ ಚಾವಣಿಯ ಮೇಲೆ ಇಂಥ ರಾಶಿ ಸಾಮಾನ್ಯ. ಹಾರ್ಟ್‌ಫರ್ಡ್ ದುರಂತವಾದ ಮೂರೇ ದಿನಗಳಲ್ಲಿ, 1978ರ ಜನವರಿ 21ರಂದು, ನ್ಯೂಯಾರ್ಕ್ ರಾಜ್ಯದ ಸಿ. ಡಬ್ಲ್ಯು. ಪೋಸ್ಟ್ ಕಾಲೇಜಿನ ಗುಮ್ಮಟ ಸಭಾಂಗಣ ಕುಸಿಯಿತು. ಸಮನಾಗಿ ಹರಡಿದ ಹೊರೆಯನ್ನು ಗುಮ್ಮಟ ಸುಲಭವಾಗಿ ಹೊರುತ್ತದೆ; ಒಂದೇ ಪಕ್ಕದ ಹೊರೆ ಅದರ ಆಕಾರವನ್ನೇ ಕೆಡಿಸುತ್ತದೆ. ಅಲ್ಲಿ ಆದದ್ದು ಇದೇ.

ಇಳಿಜಾರೂ ಮುಖ್ಯ. ಹಿಮ ಬೀಳುವ ಪ್ರದೇಶಗಳಿಗಾಗಿ ಭಾರತೀಯ ಮಾನಕ ಐ.ಎಸ್. 875ರ ನಾಲ್ಕನೆಯ ಭಾಗ ಹಿಮದ ಹೊರೆಯನ್ನು ಲೆಕ್ಕ ಹಾಕುವ ಕ್ರಮ ತಿಳಿಸುತ್ತದೆ. ನೆಲದ ಮೇಲಿನ ಹಿಮದ ಹೊರೆಯನ್ನು ಚಾವಣಿಯ ಆಕಾರಕ್ಕೆ ತಕ್ಕ ಗುಣಾಂಕದಿಂದ ಗುಣಿಸಬೇಕು. ಸಾಧಾರಣ ಚಾವಣಿಗೆ 30 ಡಿಗ್ರಿ ಇಳಿಜಾರಿನವರೆಗೆ ಇದು 0.8, ಇಳಿಜಾರು ಹೆಚ್ಚಿದಂತೆ ಕಡಿಮೆಯಾಗುತ್ತಾ 60 ಡಿಗ್ರಿಗೆ ಸೊನ್ನೆಯಾಗುತ್ತದೆ. ಹಿಮ ಹೆಚ್ಚು ಬೀಳುವ ನಾಡುಗಳ ಹಳೆಯ ಮನೆಗಳ ಚಾವಣಿ ಕಡಿದಾಗಿರುವುದು ಏಕೆಂದು ಈಗ ತಿಳಿಯಿತಲ್ಲವೆ?

ಸಾರ್ವಜನಿಕ ಕಟ್ಟಡಗಳೇ ಏಕೆ?

ಆಟದ ಅಂಗಣ, ಪ್ರದರ್ಶನ ಮಂದಿರಗಳಲ್ಲಿ ನಡುವೆ ಕಂಬಗಳಿರಬಾರದು. ಎರಡು ತುದಿಗಳಲ್ಲಿ ಆಸರೆ ಪಡೆದ, ಏಕರೂಪವಾಗಿ ಹೊರೆ ಹೊತ್ತ ತೊಲೆಯ ಉದ್ದ ಇಮ್ಮಡಿಯಾದರೆ ಅದನ್ನು ಬಾಗಿಸುವ ಮಹತ್ತಮ ಭ್ರಾಮಕ ನಾಲ್ಕು ಪಟ್ಟಾಗುತ್ತದೆ. ತೊಲೆಯ ಗಾತ್ರ ಬದಲಾಗದಿದ್ದರೆ ನಡುವಿನ ಜೋಲು ಹದಿನಾರು ಪಟ್ಟು. ಹಾಗಾಗಿ ವಿಶಾಲ ಚಾವಣಿಯನ್ನು ಆದಷ್ಟೂ ಹಗುರವಾಗಿ ಕಟ್ಟುತ್ತಾರೆ. ಅಪಾಯ ಅಡಗಿರುವುದು ಇಲ್ಲಿ.

12 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಾವಣಿ ಚದರ ಮೀಟರಿಗೆ 300 ಕಿಲೋಗ್ರಾಂ ತೂಗುತ್ತದೆ. ಹಗುರ ಚಾವಣಿಯ ತೂಕ 30 ಎನ್ನಿ. ಎರಡನ್ನೂ 100 ಕಿಲೋಗ್ರಾಂ ಹಿಮಕ್ಕೆ ವಿನ್ಯಾಸ ಮಾಡಿದೆ, ಆದರೆ ಬಿದ್ದದ್ದು 150 ಎಂದುಕೊಳ್ಳಿ. ಕಾಂಕ್ರೀಟಿನ ಒಟ್ಟು ಹೊರೆ 400ರಿಂದ 450ಕ್ಕೆ ಏರಿತು. ಹೆಚ್ಚಳ ಶೇಕಡ 12.5. ಹಗುರ ಚಾವಣಿಯದು 130ರಿಂದ 180ಕ್ಕೆ. ಹೆಚ್ಚಳ ಸುಮಾರು ಶೇಕಡ 38! ಹಿಮದ ಅಂದಾಜಿನಲ್ಲಾದ ಅದೇ ತಪ್ಪು ಹಗುರ ಚಾವಣಿಯ ಸುರಕ್ಷತೆಯ ಅಂತರವನ್ನು ಬಹುಪಾಲು ನುಂಗಿಬಿಡುತ್ತದೆ.

ಅಳತೆಪಟ್ಟಿಯ ಪಾಠ

ಪ್ಲಾಸ್ಟಿಕ್ ಅಳತೆಪಟ್ಟಿಯೊಂದನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ ಅಂಗೈಯಿಂದ ಮೇಲಿನಿಂದ ಒತ್ತಿ. ಅದು ಮುರಿಯುವ ಮೊದಲೇ ಪಕ್ಕಕ್ಕೆ ಬಿಲ್ಲಿನಂತೆ ಬಾಗುತ್ತದೆ. ಈಗ ಗೆಳೆಯರೊಬ್ಬರು ಅದರ ನಡುಭಾಗವನ್ನು ಎರಡು ಬೆರಳುಗಳಿಂದ ಹಿಡಿಯಲಿ. ಮತ್ತೆ ಒತ್ತಿ. ಬಾಗಿಸಲು ಬಹಳ ಹೆಚ್ಚು ಬಲ ಬೇಕು. ಆಯ್ಲರ್ 18ನೆಯ ಶತಮಾನದಲ್ಲೇ ಕಂಡುಕೊಂಡ ಸೂತ್ರದಂತೆ ಈ ಬಲ ಆಸರೆಯಿಲ್ಲದ ಉದ್ದದ ವರ್ಗಕ್ಕೆ ವಿಲೋಮಾನುಪಾತದಲ್ಲಿರುತ್ತದೆ. ಉದ್ದ ಅರ್ಧವಾದರೆ ಬಲ ನಾಲ್ಕು ಪಟ್ಟು.

ಹಾರ್ಟ್‌ಫರ್ಡ್‌ನಲ್ಲಿ ಎಡವಿದ್ದು ಇದರಲ್ಲೇ. ಚಾವಣಿಯ ಮೇಲ್ಪದರದ ಉಕ್ಕಿನ ಸರಳುಗಳಿಗೆ ನಡುವೆ ಆಸರೆ ಇದೆಯೆಂದು ವಿನ್ಯಾಸದಲ್ಲಿ ಭಾವಿಸಲಾಗಿತ್ತು. ಹಲವೆಡೆ ಆ ಆಸರೆ ಸಾಲದಾಗಿತ್ತು. ಚಾವಣಿಯ ಸ್ವಂತ ತೂಕವನ್ನೂ ಕಡಿಮೆ ಅಂದಾಜಿಸಿದ್ದರು. ಒಂದು ಸರಳು ಬಾಗಿದರೆ ಅದರ ಪಾಲಿನ ಹೊರೆ ಪಕ್ಕದ್ದಕ್ಕೆ ವರ್ಗವಾಗುತ್ತದೆ, ಅದೂ ಬಾಗುತ್ತದೆ. ನಿರ್ಮಾಣದ ವೇಳೆಯಲ್ಲೇ ಚಾವಣಿಯ ಜೋಲು ಲೆಕ್ಕಕ್ಕಿಂತ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ಗಣಕಯಂತ್ರದ ಲೆಕ್ಕದ ಮೇಲಿನ ನಂಬಿಕೆಯಿಂದ ಆ ಅಳತೆಯನ್ನು ಕಡೆಗಣಿಸಲಾಯಿತು. ಪ್ರಯೋಗದ ಫಲಿತಾಂಶ ಸಿದ್ಧಾಂತಕ್ಕೆ ಹೊಂದದಿದ್ದಾಗ ಏನು ಮಾಡಬೇಕೆಂದು ನಾವು ತರಗತಿಯಲ್ಲಿ ಹೇಳಿಕೊಡುವುದನ್ನು ಇಲ್ಲಿ ನೆನೆಯಬೇಕು.

ಹಿಮ ನೆಪ ಮಾತ್ರವೆ?

ಬಾಡ್ ರೈಖನ್‌ಹಾಲ್‌ನಲ್ಲಿ ಆ ದಿನದ ಹಿಮದ ಹೊರೆ ವಿನ್ಯಾಸದ ಮಿತಿಯೊಳಗೇ ಇತ್ತು. ಮರದ ತೊಲೆಗಳನ್ನು ಬೆಸೆದಿದ್ದ ಯೂರಿಯಾ-ಫಾರ್ಮಾಲ್ಡಿಹೈಡ್ ಅಂಟು ತೇವವನ್ನು ತಾಳದು. ಸ್ಕೇಟಿಂಗ್ ಅಂಗಣದ ತೇವ ಮೂರು ದಶಕಗಳ ಕಾಲ ಅದನ್ನು ಸಡಿಲಿಸುತ್ತಾ ಬಂದಿತ್ತು. ಕಾಟೊವಿತ್ಸೆಯಲ್ಲಿ ವಿನ್ಯಾಸವೇ ದೋಷಪೂರಿತವಾಗಿತ್ತು. 2002ರಲ್ಲಿ ಹಿಮದಿಂದ ಚಾವಣಿಗೆ ಒಮ್ಮೆ ಹಾನಿಯೂ ಆಗಿತ್ತು. ಆ ಎಚ್ಚರಿಕೆಗೆ ಸಿಗಬೇಕಾದ ಗಮನ ಸಿಗಲಿಲ್ಲ. ದುರಂತದ ನಂತರ ಪೋಲೆಂಡ್ ವಿಶಾಲ ಚಾವಣಿಯ ಕಟ್ಟಡಗಳನ್ನು ವರ್ಷಕ್ಕೆರಡು ಬಾರಿ, ಚಳಿಗಾಲಕ್ಕೆ ಮೊದಲು ಮತ್ತು ಅದು ಮುಗಿದ ಮೇಲೆ, ತಪಾಸಣೆ ಮಾಡಬೇಕೆಂದು ಕಾನೂನು ಮಾಡಿತು.

ನಮ್ಮ ಕರ್ನಾಟಕದಲ್ಲಿ ಹಿಮದ ಹೊರೆಯಿಲ್ಲ. ಆದರೆ ನೀರಿನ ಹೊರೆ ಇದೆ. ಮಟ್ಟಸ ಚಾವಣಿಯ ಮೇಲೆ 10 ಸೆಂಟಿಮೀಟರ್ ನೀರು ನಿಂತರೆ ಚದರ ಮೀಟರಿಗೆ 100 ಕಿಲೋಗ್ರಾಂ. ನೀರು ನಿಂತೆಡೆ ಚಾವಣಿ ಜೋಲುತ್ತದೆ. ಜೋಲಿದೆಡೆ ಇನ್ನಷ್ಟು ನೀರು ಸೇರುತ್ತದೆ. ಮಳೆಗಾಲಕ್ಕೆ ಮುಂಚೆ ವಿದ್ಯಾರ್ಥಿಗಳೊಂದಿಗೆ ನಿಮ್ಮ ಶಾಲೆಯ ಚಾವಣಿಯ ಉದ್ದಗಲ ಅಳೆದು ಈ ಲೆಕ್ಕ ಮಾಡಿಸಿ. ನೀರು ಹೋಗುವ ಕೊಳವೆಯ ಬಾಯಲ್ಲಿ ತರಗೆಲೆ ಕಟ್ಟಿಕೊಂಡಿದ್ದರೆ ಅದನ್ನು ತೆಗೆಸಿ. ಗೋಡೆಯಲ್ಲಿ ಹೊಸ ಬಿರುಕು ಕಂಡರೆ, ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾದರೆ, ಚಾವಣಿಯಿಂದ ಲಟಲಟ ಸದ್ದು ಬಂದರೆ ಮೊದಲು ಮಕ್ಕಳನ್ನು ಹೊರಗೆ ಕಳಿಸಿ. ಕಾರಣವನ್ನು ಆಮೇಲೆ ಹುಡುಕಿದರಾಯಿತು.